ಬೆನ್ನ ಹಿಂದಿನ ಬೆಳಕು: ಲಿಥೋಫೇನ್, ತೊಗಲುಗೊಂಬೆ ಮತ್ತು ಒಂದು ಗ್ರೂಪ್ ಫೋಟೋ

ಲಿಥೋಫೇನ್... ಇದೇನಪ್ಪಾ ಹೊಸ ರೋಗದ ಹೆಸರು ಅಂದ್ಕೋಬೇಡಿ :-) ಬಿಳಿ ಪಿಂಗಾಣಿಯದೋ ಪ್ಲಾಸ್ಟಿಕ್‌ನದೋ ಒಂದು ತೆಳು ಹಲಗೆ ಅದು. ಕೈಯಲ್ಲಿ ಹಿಡಿದು ನೋಡಿದರೆ ಒಂದಿಷ್ಟು ತಗ್ಗು-ದಿನ್ನೆ ಬಿಟ್ಟರೆ ಏನೂ ಕಾಣುವುದಿಲ್ಲ. ಹಿಂದಿನಿಂದ ಬೆಳಕು ಬಿಟ್ಟಾಗ ಮಾತ್ರ ಚಿತ್ರ ಎದ್ದು ಬರುತ್ತದೆ. ತೆಳ್ಳಗಿದ್ದ ಕಡೆ ಬೆಳಕು ದಾಟುತ್ತದೆ, ದಪ್ಪಗಿದ್ದ ಕಡೆ ತಡೆಯುತ್ತದೆ. ಬಣ್ಣವಿಲ್ಲ, ಶಾಯಿಯಿಲ್ಲ. ದಪ್ಪ-ತೆಳುವೇ ಚಿತ್ರ.

ತ್ರೀಡಿ ಪ್ರಿಂಟರ್ ಅಗ್ಗವಾದ ಮೇಲೆ ಈ ಹಳೇ ಕಲೆ ಮತ್ತೆ ಮನೆಮನೆಗೆ ಬಂದಿದೆ. ಮದುವೆ ಫೋಟೋ, ಮಗುವಿನ ಫೋಟೋ ಕೊಟ್ಟರೆ ಸಾಕು, ಒಂದು ರಾತ್ರಿಯಲ್ಲಿ ಹಲಗೆ ತಯಾರು. ಕಷ್ಟ ಇರುವುದು ಆಮೇಲೆ. ಹಿಂದೆ ದೀಪ ಇಟ್ಟರೆ ನಡುವೆ ಉರಿಯುವ ಗುಂಡು, ಸುತ್ತ ಕತ್ತಲೆ. ಎಲ್ಲ ಕಡೆ ಸಮನಾಗಿ ಬೆಳಕು ಬೀಳಿಸುವುದು ಹೇಗೆ? ಪ್ರಶ್ನೆ ಸಣ್ಣದು. ಆದರೆ ಇದಕ್ಕೆ ಇನ್ನೂರು ವರ್ಷಕ್ಕೂ ಮಿಕ್ಕ ಇತಿಹಾಸ ಇದೆ, ಅದರ ಒಂದು ಎಳೆ ನಮ್ಮ ಕಲಬುರಗಿಯನ್ನೂ ಹಾದು ಹೋಗುತ್ತದೆ.

ಕಿಟಕಿಯ ಕಾಲ

ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಗುಪ್ತ ಚಿತ್ತಾರದ ಬಿಳಿ ಪಿಂಗಾಣಿ ಬಟ್ಟಲುಗಳನ್ನು ಚೀನಾದವರು ಮಿಂಗ್ ವಂಶದ ಯೋಂಗ್‌ಲೆ ಚಕ್ರವರ್ತಿಯ ಕಾಲದಲ್ಲೇ (1403-1424) ಮಾಡುತ್ತಿದ್ದರು. ಆದರೆ ದಪ್ಪ-ತೆಳುವಿನಿಂದಲೇ ಪೂರ್ತಿ ಚಿತ್ರ ಬಿಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದವನು ಫ್ರಾನ್ಸಿನ ಪಾಲ್ ಡಿ ಬೂರ್ಗ್ವಾಂಗ್, 1827ರಲ್ಲಿ. ಆತ ಕುಂಬಾರನೂ ಅಲ್ಲ, ಚಿತ್ರಕಾರನೂ ಅಲ್ಲ, ರಾಜತಾಂತ್ರಿಕ! ಆಮೇಲೆ ಬರ್ಲಿನ್, ಮೈಸನ್ ಮುಂತಾದ ಕಡೆಯ ಪಿಂಗಾಣಿ ಕಾರ್ಖಾನೆಗಳು ಇದನ್ನು ಭರ್ಜರಿಯಾಗಿ ಮಾಡಿ ಮಾರಿದವು.

ಮಾಡುವ ರೀತಿ ಹೀಗಿತ್ತು. ಗಾಜಿನ ಮೇಲೆ ಮೇಣದ ಪದರ ಹಚ್ಚಿ, ಗಾಜಿನ ಹಿಂದಿನಿಂದ ಬೆಳಕು ಬರುವಂತೆ ಇಟ್ಟುಕೊಂಡು ಕೆತ್ತುವುದು. ಎಲ್ಲಿ ಎಷ್ಟು ಕೆರೆದರೆ ಎಷ್ಟು ಬೆಳಕು ಬರುತ್ತದೆ ಎಂದು ಕೆತ್ತುವವನಿಗೆ ಆಗಲೇ ಗೊತ್ತಾಗುತ್ತಿತ್ತು. ಆ ಮೇಣದಿಂದ ಪ್ಲಾಸ್ಟರ್ ಅಚ್ಚು, ಅಚ್ಚಿನಿಂದ ಪಿಂಗಾಣಿ, ಆಮೇಲೆ ಭಟ್ಟಿ. ಭಟ್ಟಿಯಲ್ಲಿ ಸೊಟ್ಟಗಾಗಿ ಒಡೆದು ಹೋದವುಗಳಿಗೆ ಲೆಕ್ಕವಿಲ್ಲ.

ಇವನ್ನು ಎಲ್ಲಿ ಇಡುತ್ತಿದ್ದರು ಗೊತ್ತೇ? ಹೆಚ್ಚಾಗಿ ಕಿಟಕಿಯಲ್ಲಿ ನೇತು ಹಾಕುತ್ತಿದ್ದರು. ಇದೇ ಮೊದಲ ಉತ್ತರ. ಕಿಟಕಿಯಾಚೆ ಇರುವುದು ಒಂದು ಬಲ್ಬ್ ಅಲ್ಲ, ಇಡೀ ಆಕಾಶ. ಹಲಗೆಯ ಎಲ್ಲ ಮೂಲೆಗೂ ಅದು ಸಮನಾಗಿ ಬೆಳಕು ಕೊಡುತ್ತದೆ. ರಾತ್ರಿ ಮೇಣದಬತ್ತಿಯ ಮುಂದೆ ಇಡುವ ಸಣ್ಣ ಹಲಗೆಗಳೂ ಇದ್ದವು. ಅಲ್ಲಿ ನಡುವೆ ಹೊಳಪು, ಅಂಚಿನಲ್ಲಿ ಮಬ್ಬು ಇದ್ದೇ ಇರುತ್ತಿತ್ತು. ಚಿತ್ರದ ಮುಖ್ಯ ವಸ್ತು ನಡುವೆ ಇದ್ದರೆ ಅದು ಅಂದವಾಗಿಯೇ ಕಾಣುತ್ತದೆ, ಯಾರೂ ತಕರಾರು ಮಾಡುವುದಿಲ್ಲ.

ಇದರ ಹಿಂದಿನ ಗಣಿತ ಪೇಟೆಂಟ್‌ಗಿಂತ ಹಳೆಯದು. ಬೆಳಕು ಒಂದು ವಸ್ತುವಿನೊಳಗೆ ಹೋಗುತ್ತಾ ಪ್ರತಿ ಪದರದಲ್ಲೂ ಒಂದೇ ಪಾಲು ಕಳೆದುಕೊಳ್ಳುತ್ತದೆ ಎಂದು ಪಿಯರ್ ಬೂಗೇರ್ 1729ರಲ್ಲೇ ಹೇಳಿದ್ದ. ಮೊದಲ ಮಿಲಿಮೀಟರ್ ಅರ್ಧ ತಿಂದರೆ, ಎರಡನೆಯದು ಉಳಿದ ಅರ್ಧದಲ್ಲಿ ಅರ್ಧ ತಿನ್ನುತ್ತದೆ. ದೀಪದಿಂದ ದೂರ ಹೋದಂತೆ, ಓರೆಯಾದಂತೆ ಬೆಳಕು ಎಷ್ಟು ಕಮ್ಮಿಯಾಗುತ್ತದೆ ಎಂಬ ಲೆಕ್ಕವನ್ನು ಯೋಹಾನ್ ಲ್ಯಾಂಬರ್ಟ್ 1760ರ ತನ್ನ 'ಫೋಟೋಮೆಟ್ರಿಯಾ' ಪುಸ್ತಕದಲ್ಲಿ ಕೊಟ್ಟ. ಇಂದಿಗೂ ನಮಗೆ ಬೇಕಾದದ್ದು ಇವೆರಡೇ.

ನಮ್ಮ ಪರದೆ

ಬೆನ್ನ ಹಿಂದೆ ದೀಪ ಇಟ್ಟು ಚಿತ್ರ ತೋರಿಸುವುದು ನಮಗೇನು ಹೊಸದಲ್ಲ. ನಮ್ಮ ತೊಗಲುಗೊಂಬೆ ಆಟ ಅದೇ ತಾನೆ? ಆಡಿನ ಚರ್ಮವನ್ನು ಬೆಳಕು ದಾಟುವಷ್ಟು ತೆಳ್ಳಗೆ ಹೆರೆದು, ಎರಡೂ ಬದಿಗೆ ಬಣ್ಣ ಹಚ್ಚಿ, ಒಡವೆ ಮತ್ತು ಸೀರೆಯ ಅಂಚಿಗೆ ಸಣ್ಣ ಸಣ್ಣ ತೂತು ಹೊಡೆಯುತ್ತಾರೆ. ಮುಂದೆ ಬಿಳಿ ಪರದೆ, ಹಿಂದೆ ಎಣ್ಣೆ ದೀಪ. ಜಾವಾದ ಗೊಂಬೆಗಳಂತೆ ಬರೀ ಕಪ್ಪು ನೆರಳಲ್ಲ, ಬಣ್ಣವೇ ಪರದೆಗೆ ಬರುತ್ತದೆ. ಕಿಳ್ಳೇಕ್ಯಾತ, ಶಿಳ್ಳೇಕ್ಯಾತ ಎಂದು ಕರೆಯುವ ಸಮುದಾಯದವರು ತಲೆಮಾರುಗಳಿಂದ ಊರೂರು ಅಲೆದು ಇದನ್ನು ಉಳಿಸಿದರು. ಕೊಪ್ಪಳ ಜಿಲ್ಲೆ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಅದೂ ತೊಂಬತ್ತು ದಾಟಿದ ವಯಸ್ಸಿನಲ್ಲಿ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು (2023ರಲ್ಲಿ ತೀರಿಕೊಂಡರು) ಇದೇ ತೊಗಲಿನಲ್ಲಿ ಗಾಂಧೀಜಿಯ ಕಥೆ ಆಡಿಸಿದರು.

ಆ ಪರದೆಯಲ್ಲೂ ಬೆಳಕು ಸಮ ಇರುತ್ತಿರಲಿಲ್ಲ. ದೀಪದ ಎದುರು ಬಂದ ಪಾತ್ರ ಹೊಳೆಯುತ್ತದೆ, ಅಂಚಿಗೆ ಸರಿದದ್ದು ಮಂಕಾಗುತ್ತದೆ. ಆದರೂ ಆಟಕ್ಕೆ ಅದರಿಂದ ನಷ್ಟವಿಲ್ಲ. ಯಾಕೆಂದರೆ ಗೊಂಬೆ ನಡೆಯುತ್ತದೆ! ಮಾತಾಡುವ ಸರದಿ ಬಂದವರು ನಡುವಿಗೆ ಬರುತ್ತಾರೆ, ಮುಗಿದ ಮೇಲೆ ಸರಿಯುತ್ತಾರೆ. ಸೀತೆಯ ಸರದಿ ಬಂದಾಗ ಬೆಳಕು ಸೀತೆಯದೇ. ದೀಪದ ಕುಡಿ ಅಲ್ಲಾಡಿದರೆ ಗೊಂಬೆಗೆ ಜೀವ ಬಂದಂತೆ ಕಾಣುವುದು ಬೇರೆ ಲಾಭ.

ಫೋಟೋದಲ್ಲಿ ಇರುವವರು ನಡೆಯುವುದಿಲ್ಲ. ಎಲ್ಲಿ ನಿಲ್ಲಿಸಿದರೋ ಅಲ್ಲೇ. ಸಮನಾದ ಬೆಳಕು ಬೇಕೇ ಬೇಕು ಅನ್ನುವ ಹಟ ಹುಟ್ಟುವುದು ಇಲ್ಲಿಂದ.

ಗಾಜಿನ ನೆಗೆಟಿವ್

1839ರಲ್ಲಿ ಫೋಟೋಗ್ರಫಿ ಬಂತು. ಕಲಬುರಗಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ಹೆಸರಾಂತ ಛಾಯಾಗ್ರಾಹಕ ಲಾಲಾ ದೀನ್ ದಯಾಳ್. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಆಸ್ಥಾನದಲ್ಲಿದ್ದವರು. ಅವರ ಗಾಜಿನ ನೆಗೆಟಿವ್‌ಗಳ ದೊಡ್ಡ ಸಂಗ್ರಹ ಈಗ ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿದೆ. ಪರದೆಯಲ್ಲಿರುವ ಹೆಂಗಸರ ಫೋಟೋ ತೆಗೆಯಲೆಂದೇ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೋ ತೆರೆದರು. ಅದನ್ನು ನಡೆಸಿದ್ದು ಶ್ರೀಮತಿ ಕೆನ್ನಿ-ಲೆವಿಕ್ ಎಂಬ ಮಹಿಳೆ. ಫೋಟೋದಲ್ಲಿ ಯಾರು ಕಾಣಬೇಕು, ಯಾರು ಕಾಣಬಾರದು ಅನ್ನುವುದು ಎಷ್ಟು ದೊಡ್ಡ ವಿಷಯವಾಗಿತ್ತು ನೋಡಿ. ಅದಕ್ಕೆ ಬೇರೆ ಕಟ್ಟಡವೇ ಬೇಕಾಯಿತು.

ಗಾಜಿನ ನೆಗೆಟಿವ್ ಕೂಡ ಹಿಂದಿನಿಂದ ಬೆಳಕು ಬಿಟ್ಟು ನೋಡುವ ವಸ್ತುವೇ. ಅದನ್ನು ತಿದ್ದಲು ಸ್ಟುಡಿಯೋಗಳಲ್ಲಿ ಇಳಿಜಾರು ಮೇಜು ಇರುತ್ತಿತ್ತು. ಕೆಳಗೊಂದು ಕನ್ನಡಿ ಕಿಟಕಿಯ ಬೆಳಕನ್ನು ಮೇಲಕ್ಕೆ ತಿರುಗಿಸುತ್ತದೆ, ನಡುವೆ ಉಜ್ಜಿದ ಗಾಜು, ಅದರ ಮೇಲೆ ನೆಗೆಟಿವ್. ಚೂಪು ಪೆನ್ಸಿಲ್ಲಿನಿಂದ ಮುಖದ ಕಲೆ, ಸುಕ್ಕು ತಿದ್ದುತ್ತಿದ್ದರು. ಬೂರ್ಗ್ವಾಂಗ್‌ನ ಮೇಣದ ಗಾಜೇ ಮತ್ತೊಂದು ವೇಷದಲ್ಲಿ ಬಂದಿತ್ತು.

ಆಮೇಲೆ ಈ ಹಟ ಎಲ್ಲ ಕಡೆ ಹಬ್ಬಿತು. ಸೂಕ್ಷ್ಮದರ್ಶಕದಲ್ಲಿ ದೀಪದ ಆಕಾರವೇ ಮೂಡದಂತೆ ಮಸೂರ ಜೋಡಿಸುವ ವಿಧಾನವನ್ನು ಆಗಸ್ಟ್ ಕೋಲರ್ 1893ರಲ್ಲಿ ಪ್ರಕಟಿಸಿದ. 1895ರಲ್ಲಿ ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದ. ಡಾಕ್ಟರ ಗೋಡೆಯ ಮೇಲಿನ ಎಕ್ಸ್-ರೇ ನೋಡುವ ಪೆಟ್ಟಿಗೆಯಲ್ಲಿ ಬೆಳಕು ಹೆಚ್ಚು-ಕಮ್ಮಿ ಆದರೆ ಶ್ವಾಸಕೋಶದ ಮಚ್ಚೆ ಕಾಣದೇ ಹೋದೀತು. ನೀವು ಇದನ್ನು ಓದುತ್ತಿರುವುದು ಎಲ್‌ಸಿಡಿ ಪರದೆಯಲ್ಲಾದರೆ, ಅದೂ ಒಂಥರಾ ಕ್ಷಣಕ್ಷಣಕ್ಕೆ ಬದಲಾಗುವ ಲಿಥೋಫೇನ್. ಅದರಲ್ಲಿ ಅಂಚಿನ ದೀಪದಿಂದ ಬಂದ ಬೆಳಕನ್ನು ಒಂದು ಪಾರದರ್ಶಕ ಹಲಗೆ ಒಳಗೆ ಒಯ್ಯುತ್ತದೆ. ದೀಪದಿಂದ ದೂರ ಹೋದಂತೆ ಅದರ ಮೇಲಿನ ಚುಕ್ಕಿಗಳು ಒತ್ತೊತ್ತಾಗುತ್ತವೆ, ದೂರದ ಜಾಗಕ್ಕೂ ಸಮಪಾಲು ಸಿಗಲಿ ಎಂದು.

ಕಮಲಾಪುರದ ಫೋಟೋ

ಇಷ್ಟೆಲ್ಲ ಹುಡುಕಲು ಕಾರಣ ಕಮಲಾಪುರದ ನಮ್ಮ ಅಜ್ಜನ ಮನೆಯ ಒಂದು ಗ್ರೂಪ್ ಫೋಟೋ. ಎಲ್ಲ ಗ್ರೂಪ್ ಫೋಟೋಗಳ ಹಾಗೆಯೇ ಅದೂ. ನಡುವೆ ಕುರ್ಚಿಯಲ್ಲಿ ಮುತ್ಯಾ ಮತ್ತು ಹಿರಿಯ ಗಂಡಸರು, ಹಿಂದೆ ನಿಂತ ಮಕ್ಕಳು, ಎಡಗಡೆ ಕೊನೆಯಲ್ಲಿ ಸೆರಗು ಹೊದ್ದು ನಿಂತ ಆಯಿ. ಆಯಿಯದು ಉಳಿದಿರುವ ಫೋಟೋ ಅದೊಂದೇ.

ಅದರ ಲಿಥೋಫೇನ್ 20 ಸೆಂಟಿಮೀಟರ್ ಅಗಲ, 15 ಎತ್ತರ. ಹಿಂದೆ ಒಂದೇ ದೀಪ ಇಟ್ಟು ನೋಡಿದಾಗ ನಮ್ಮವ್ವ ಅಂದದ್ದು ಇಷ್ಟೇ: "ನಡುವ ಕುಂತವರು ಛಂದ ಕಾಣ್ತಾರ. ನಿಮ್ಮಾಯಿ ಎಲ್ಲಿ ಅದಾಳ?"

ಲ್ಯಾಂಬರ್ಟ್‌ನ ಲೆಕ್ಕ ಹಾಕಿ. ಮಸೂರವಿಲ್ಲದ ಎಲ್‌ಇಡಿ ಒಂದನ್ನು ನಡುವಿಗೆ ಸರಿಯಾಗಿ 10 ಸೆಂ.ಮೀ. ಹಿಂದೆ ಇಟ್ಟರೆ, ಎಡ-ಬಲದ ಅಂಚಿಗೆ ಸಿಗುವುದು ನಡುವಿನ ಕಾಲು ಭಾಗ ಬೆಳಕು. ಮೂಲೆಗೆ ಶೇ. 15 ಮಾತ್ರ. ಅದನ್ನೇ 20 ಸೆಂ.ಮೀ. ಹಿಂದಕ್ಕೆ ಸರಿಸಿದರೆ ಅಂಚಿಗೆ ಶೇ. 64 ಸಿಗುತ್ತದೆ, ಆದರೆ ನಡುವಿನ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಸ್ಟ್ಯಾಂಡ್ ಡಬ್ಬದಷ್ಟು ದಪ್ಪವಾಗುತ್ತದೆ. ಒಂದು ದೀಪದ ಹಣೆಬರಹ ಇಷ್ಟೇ. ಫೋಟೋ ತೆಗೆದವನು ಅಂಚಿಗೆ ನಿಲ್ಲಿಸಿದವರನ್ನು ಅದು ಇನ್ನಷ್ಟು ಅಂಚಿಗೆ ತಳ್ಳುತ್ತದೆ.

ಸಾಫ್ಟ್‌ವೇರಿನವರಿಗೆ ತಕ್ಷಣ ಹೊಳೆಯುವ ಉಪಾಯ ಒಂದಿದೆ: ಅಂಚಿನಲ್ಲಿ ಹಲಗೆಯನ್ನೇ ತೆಳ್ಳಗೆ ಮಾಡಿಬಿಡುವುದು. ನಾಲ್ಕು ಸಾಲು ಕೋಡ್ ಸಾಕು. ಆದರೆ ಆಗ ಆ ಹಲಗೆ ಆ ಒಂದು ದೀಪಕ್ಕೆ ಕಟ್ಟುಬೀಳುತ್ತದೆ. ನಾಳೆ ಯಾರಾದರೂ ಅದನ್ನು ಕಿಟಕಿಗೆ ಹಿಡಿದರೆ ನಡುವಿನವರು ಕಪ್ಪು, ಅಂಚಿನವರು ಬಿಳುಚು. ಹಾಗಾಗಿ ಚಿತ್ರವನ್ನು ಮುಟ್ಟಲಿಲ್ಲ. ತಿದ್ದಬೇಕಾದದ್ದು ಬೆಳಕನ್ನು.

ಕೋಟೆಯೊಳಗಿನ ಪಾಠ

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋಗಿದ್ದೀರಾ? ಬಹಮನಿ ಸುಲ್ತಾನ ಒಂದನೇ ಮುಹಮ್ಮದ್ ಷಾನ ಕಾಲದಲ್ಲಿ, 1367ರಲ್ಲಿ ಕಟ್ಟಿದ್ದು. ಬೇರೆ ಜಾಮಿ ಮಸೀದಿಗಳ ಹಾಗೆ ನಡುವೆ ತೆರೆದ ಅಂಗಳ ಇಲ್ಲ, ಪೂರ್ತಿ ಮುಚ್ಚಿದ್ದು. ಆದರೂ ಒಳಗೆ ಕತ್ತಲಿಲ್ಲ! ಪಶ್ಚಿಮ ಬಿಟ್ಟು ಉಳಿದ ಮೂರು ಕಡೆ ಅಗಲವಾದ ಕಮಾನುಗಳು ಹೊರಗಿನ ಬೆಳಕನ್ನು ಕೆಳಗಿನಿಂದ ಒಳಗೆ ಬಿಡುತ್ತವೆ. ಆ ಬೆಳಕು ನೆಲಕ್ಕೆ ಬಿದ್ದು, ಬಿಳಿ ಗಾರೆಯ ಕಂಬ-ಕಮಾನುಗಳಿಗೆ ತಾಗಿ ತಾಗಿ ಒಳಗಿನವರೆಗೂ ಬರುತ್ತದೆ. ಎಲ್ಲಿಂದ ಬಂತು ಎಂದು ಬೊಟ್ಟು ಮಾಡಿ ತೋರಿಸಲಾಗದ ಬೆಳಕು ಅದು.

ಲಿಥೋಫೇನ್ ಪೆಟ್ಟಿಗೆಗೂ ಇದೇ ಪಾಠ. ಎಲ್‌ಇಡಿ ಎಷ್ಟೇ ಇಟ್ಟರೂ, ನಡುವಿನ ಬಿಂದುವಿಗೆ ನಾಲ್ಕೂ ಕಡೆಯಿಂದ ಬೆಳಕು ಬರುತ್ತದೆ, ಅಂಚಿನ ಬಿಂದುವಿಗೆ ಒಂದೇ ಕಡೆಯಿಂದ. ಒಳಗೋಡೆ ಕಪ್ಪಾದರೆ ಅಂಚಿಗೆ ಹೆಚ್ಚುಕಮ್ಮಿ ಅರ್ಧವೇ ಸಿಗುತ್ತದೆ. ಹೊಳಪಿಲ್ಲದ ಬಿಳಿ ಬಣ್ಣ ಬಳಿದರೆ ಗೋಡೆಯೇ ಇನ್ನೊಂದು ದೀಪವಾಗುತ್ತದೆ.

ಕೊನೆಗೆ ಹೊಂದಿಸಿದ್ದು ಹೀಗೆ. ಮೀಟರಿಗೆ 60 ಎಲ್‌ಇಡಿ ಇರುವ ಸ್ಟ್ರಿಪ್, 3 ಸೆಂ.ಮೀ.ಗೆ ಒಂದು ಸಾಲು. ಅದರ ಮುಂದೆ 4 ಸೆಂ.ಮೀ. ಖಾಲಿ ಜಾಗ. ಆಮೇಲೆ 3 ಮಿ.ಮೀ. ಹಾಲು ಬಿಳಿ ಅಕ್ರಿಲಿಕ್, ಗ್ಲೋ ಸೈನ್ ಬೋರ್ಡ್ ಮಾಡುವವರ ಹತ್ತಿರ ತುಂಡು ಸಿಗುತ್ತದೆ. ಅದರ ಮುಂದೆ ಹಲಗೆ. ದೀಪದ ಸಾಲುಗಳ ನಡುವಿನ ಅಂತರಕ್ಕಿಂತ ಅಕ್ರಿಲಿಕ್ ದೂರವಿದ್ದರೆ ಚುಕ್ಕಿಗಳು ಒಂದರೊಳಗೊಂದು ಕರಗುತ್ತವೆ. ಸಾದಾ ಬಲ್ಬ್ ಬೇಡ. ಈ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸುತ್ತಮುತ್ತ ಮೆತ್ತಗಾಗುತ್ತದೆ, ನಮ್ಮ ಕಲಬುರಗಿ ಬೇಸಿಗೆ ಗೊತ್ತಲ್ಲ! ಹಲಗೆ ಹಾಕುವ ಮೊದಲು ಖಾಲಿ ಪೆಟ್ಟಿಗೆಯ ಫೋಟೋ ಮೊಬೈಲಿನಲ್ಲಿ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ, ಮೂಲೆಗಳು ಎಷ್ಟು ಹಿಂದುಳಿದಿವೆ ತಿಳಿಯುತ್ತದೆ. ನೂರಕ್ಕೆ ನೂರು ಸಮ ಆಗಬೇಕಿಲ್ಲ. ನಿಧಾನಕ್ಕೆ ಇಳಿಯುವ ಬೆಳಕನ್ನು ಕಣ್ಣು ಅಷ್ಟಾಗಿ ಹಿಡಿಯುವುದಿಲ್ಲ, ದಿಢೀರ್ ಇಳಿದರೆ ಮಾತ್ರ ಹಿಡಿಯುತ್ತದೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಹಳೇ ಮನೆಗಳ ಟ್ರಂಕಿನಲ್ಲಿ, ಮುಚ್ಚಿದ ಸ್ಟುಡಿಯೋಗಳ ಅಟ್ಟದಲ್ಲಿ ಗಾಜಿನ ನೆಗೆಟಿವ್‌ಗಳು ಇನ್ನೂ ಇರಬಹುದು. ಕೈಯಲ್ಲಿ ಹಿಡಿದರೆ ಅವು ಬರೀ ಕರಿ ಗಾಜು. ದಯವಿಟ್ಟು ಗುಜರಿಗೆ ಹಾಕಬೇಡಿ, ಬಟ್ಟೆಯಿಂದ ಉಜ್ಜಲೂ ಬೇಡಿ. ಲ್ಯಾಪ್‌ಟಾಪಿನಲ್ಲಿ ಪೂರ್ತಿ ಬಿಳಿ ಪರದೆ ತೆರೆದು, ಎರಡು-ಮೂರು ಇಂಚು ಮುಂದೆ ಬಿಳಿ ಹಾಳೆ, ಅದರ ಮುಂದೆ ನೆಗೆಟಿವ್ ಹಿಡಿದು ಒಂದು ಫೋಟೋ ತೆಗೆದುಕೊಳ್ಳಿ. ಆಮೇಲೆ ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿ ಮಾಡಿ. ನೋಡುವಾಗ ನಡುವಿನವರನ್ನು ಬಿಟ್ಟು, ಮೊದಲು ಅಂಚಿನಿಂದ ಶುರು ಮಾಡಿ.