ಮಿಕ್ಕ ಕೋಳಿ, ಸುಣ್ಣದ ನೀರು

ಭಾನುವಾರ ತಂದ ರೋಸ್ಟ್ ಚಿಕನ್ ಅರ್ಧ ಮಿಕ್ಕಿತ್ತು. ಸೋಮವಾರ ಕೊನೆಯ ಕಾಲ್ ಮುಗಿಯುವಾಗ ರಾತ್ರಿ ಒಂಬತ್ತೂವರೆ. ಮೂಳೆಯಿಂದ ಮಾಂಸ ಬಿಡಿಸಿ ಎಳೆ ಎಳೆ ಮಾಡಿದೆ. ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ನೆನೆಸಿದ ಒಣಮೆಣಸಿನಕಾಯಿ ಮಿಕ್ಸಿಗೆ ಹಾಕಿ ರುಬ್ಬಿ ಕುದಿಸಿದೆ. ಹಳೇ ಟೋರ್ಟಿಯಾ ಚೂರುಗಳನ್ನು ಗರಿಗರಿಯಾಗಿ ಹುರಿದು ಅದರಲ್ಲಿ ಹೊರಳಿಸಿದೆ. ಮೇಲೆ ಕೋಳಿ, ಒಂದಿಷ್ಟು ಚೀಸ್. ಒಟ್ಟು 20 ನಿಮಿಷ, ಅಷ್ಟೇ.

ಮೆಕ್ಸಿಕೋದಲ್ಲಿ ಇದಕ್ಕೆ ಚಿಲಾಕಿಲೆಸ್ ಅಂತಾರೆ. ನಿನ್ನೆಯ ರೊಟ್ಟಿಗೆ ಇವತ್ತು ಜೀವ ಕೊಡೋ ಅಡುಗೆ. ರಾತ್ರಿ ಮಿಕ್ಕ ಅನ್ನ ಬೆಳಗ್ಗೆ ಚಿತ್ರಾನ್ನ ಆಗುವ ಮನೆಯಲ್ಲಿ ಬೆಳೆದವನಿಗೆ ಇದೇನೂ ಹೊಸದಲ್ಲ. 1898ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಎನ್ಕಾರ್ನಾಸಿಯೋನ್ ಪಿನೆಡೊ ಅಚ್ಚು ಹಾಕಿಸಿದ ಅಡುಗೆ ಪುಸ್ತಕದಲ್ಲೇ ಇದು ಇದೆ.

ತಟ್ಟೆಯಲ್ಲಿರುವ ಮೆಕ್ಕೆಜೋಳ, ಟೊಮೆಟೊ, ಮೆಣಸಿನಕಾಯಿ ಅಲ್ಲಿನವರು ಮೊದಲಿಂದಲೂ ಬೆಳೆದದ್ದು. ಕೋಳಿ ಮಾತ್ರ ಅಲ್ಲ! 1519ರಲ್ಲಿ ಕೊರ್ಟೆಸ್ ಬಂದಿಳಿದಾಗ ಅವರು ಸಾಕುತ್ತಿದ್ದದ್ದು ಟರ್ಕಿ ಕೋಳಿ. ನಮ್ಮ ಕೋಳಿ, ಈರುಳ್ಳಿ, ಚೀಸ್ ಎಲ್ಲ ಸ್ಪೇನಿನವರ ಜೊತೆ ಹೋದವು. ಟರ್ಕಿ ಇತ್ತ ಹೊರಟಿತು. 1612ರಲ್ಲಿ ಗೋವಾದಿಂದ ಜಹಾಂಗೀರನ ಆಸ್ಥಾನ ತಲುಪಿ, ಮನ್ಸೂರನ ಕುಂಚದಲ್ಲಿ ಚಿತ್ರವೂ ಆಯಿತು.

ಆದರೆ ನನ್ನನ್ನು ಕಾಡಿದ್ದು ಟೋರ್ಟಿಯಾ. ಮೆಕ್ಸಿಕೋದ ಹೆಂಗಸರು ಜೋಳವನ್ನು ಹಾಗೇ ಬೀಸುತ್ತಿರಲಿಲ್ಲ. ಸುಣ್ಣದ ನೀರಲ್ಲೋ ಬೂದಿ ನೀರಲ್ಲೋ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತೊಳೆದು, ಮಂಡಿಯೂರಿ ಕೂತು ದಿನಕ್ಕೆ ಹಲವು ಗಂಟೆ ಕಲ್ಲಿನ ಮೇಲೆ ಅರೆಯುತ್ತಿದ್ದರು. ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ, ಮೈಗೆ ಹತ್ತುವುದಿಲ್ಲ. ಸುಣ್ಣ ಅದನ್ನು ಬಿಡಿಸುತ್ತದೆ.

ಯುರೋಪಿನವರು ಕಾಳು ಒಯ್ದರು, ಕ್ರಮ ಬಿಟ್ಟರು. ನಾವು ಯಾರದೋ ಕೋಡ್ ಕಾಪಿ ಮಾಡ್ಕೊಂಡು ಜೊತೆಗಿದ್ದ ಡಾಕ್ಯುಮೆಂಟ್ ಓದದೆ ಬಿಡ್ತೀವಲ್ಲ, ಹಾಗೆ. ಬರೀ ಜೋಳ ತಿಂದು ಬದುಕುತ್ತಿದ್ದ ಬಡವರಿಗೆ ಚರ್ಮ ಸುಲಿಯುವ, ಭೇದಿಯಾಗುವ, ಬುದ್ಧಿ ಕೆಡುವ ಪೆಲಾಗ್ರಾ ಬಂತು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಇದನ್ನು ಗುರುತಿಸಿದ. ಮುಂದೆ ಉತ್ತರ ಇಟಲಿಯ ರೈತರನ್ನು ಹಿಂಡಿತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ದಕ್ಷಿಣ ಭಾಗದಲ್ಲಿ ಸುಮಾರು 1 ಲಕ್ಷ ಜನ ಸತ್ತರು. ಇದು ಅಂಟುರೋಗವಲ್ಲ, ಊಟದ ಕೊರತೆ ಎಂದು ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿದರೂ ಅನೇಕರು ನಂಬಲಿಲ್ಲ. ನಯಾಸಿನ್ನೇ ಮದ್ದು ಅಂತ ತಿಳಿದದ್ದು 1937ರಲ್ಲಿ. ಅಷ್ಟು ಹೊತ್ತಿಗೆ ಸುಣ್ಣದ ಪಾಠ ಸಾವಿರಾರು ವರ್ಷ ಹಳೆಯದಾಗಿತ್ತು. ಆದರೆ ಅದನ್ನು ಬಲ್ಲವರು ಸೋತ ಊರಿನ ಅಡುಗೆಮನೆಯ ಹೆಂಗಸರು. ಅವರನ್ನು ಕೇಳುವವರು ಯಾರು?

ನನ್ನ 20 ನಿಮಿಷದ ಊಟಕ್ಕೆ ಬೇಕಾದ ಹೊತ್ತನ್ನೆಲ್ಲ ಅವರು ಆಗಲೇ ಖರ್ಚು ಮಾಡಿದ್ದರು.

ನಮ್ಮಜ್ಜಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ ಬೀಸುತ್ತಿದ್ದರು. ಯಾಕಜ್ಜಿ ಇಷ್ಟೆಲ್ಲ ಒದ್ದಾಟ ಅಂತ ನಾನು ಒಂದು ಸಲವೂ ಕೇಳಿದವನಲ್ಲ. ತಟ್ಟೆ ತೊಳೆದಿಟ್ಟು ಗಡಿಯಾರ ನೋಡಿದೆ, ಹತ್ತೂವರೆ. ಅಜ್ಜಿ ಮಲಗಿರ್ತಾರೆ. ಬೆಳಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗ್‌ಗೆ ಮೊದಲೇ ಫೋನ್ ಮಾಡಬೇಕು.