ಹತ್ತಿರದವನ ಸದ್ದು, ದೂರದವನ ಸುದ್ದಿ

1903ರ ಜೂನ್ 4ರ ಸಂಜೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಭಾಂಗಣದಲ್ಲಿ ಪ್ರೊಫೆಸರ್ ಆಂಬ್ರೋಸ್ ಫ್ಲೆಮಿಂಗ್‌ನ ಉಪನ್ಯಾಸ. ಸುಮಾರು 300 ಮೈಲಿ ದೂರದ ಕಾರ್ನ್‌ವಾಲ್ ಕಡಲತೀರದಿಂದ ಮಾರ್ಕೋನಿ ತಂತಿಯಿಲ್ಲದೆ ಕಳುಹಿಸುವ ಸಂದೇಶವನ್ನು ಸಭಿಕರ ಕಣ್ಣೆದುರೇ ಯಂತ್ರದಲ್ಲಿ ಬರಮಾಡಿಕೊಳ್ಳುವುದು ಅಂದಿನ ವಿಶೇಷವಾಗಿತ್ತು. ಹೊತ್ತು ಇನ್ನೂ ಆಗಿರಲಿಲ್ಲ. ಅಷ್ಟರಲ್ಲೇ ಯಂತ್ರ ಕಟಕಟ ಎನ್ನತೊಡಗಿತು. ಮೋರ್ಸ್ ಸಂಕೇತ ಬಲ್ಲ ಸಹಾಯಕ ಕಿವಿಗೊಟ್ಟ. ಬರುತ್ತಿದ್ದುದು ‘ಇಲಿಗಳು, ಇಲಿಗಳು’ ಎಂಬ ಒಂದೇ ಮಾತು! ಅದರ ಹಿಂದೆಯೇ, ಇಟಲಿಯಿಂದ ಬಂದ ತರುಣನೊಬ್ಬ ಜನರಿಗೆ ಟೋಪಿ ಹಾಕಿದನೆಂದು ಅಣಕಿಸುವ ಪದ್ಯ.

ಕಳುಹಿಸಿದವನು ನೆವಿಲ್ ಮ್ಯಾಸ್ಕಲೀನ್ ಎಂಬ ಜಾದೂಗಾರ. ಅನತಿ ದೂರದ ನಾಟಕಶಾಲೆಯಲ್ಲಿ ಪುಟ್ಟದೊಂದು ಪ್ರೇಷಕ ಯಂತ್ರವನ್ನು ಹೂಡಿ ಅವನು ಈ ಕಿತಾಪತಿ ನಡೆಸಿದ್ದ. ತನ್ನ ಯಂತ್ರಗಳನ್ನು ಶ್ರುತಿಗೊಳಿಸಿದರೆ ಅನ್ಯರ ಯಂತ್ರ ನಡುವೆ ಬಾಯಿ ಹಾಕಲಾರದೆಂದು ಮಾರ್ಕೋನಿ ಅದೇ ವರ್ಷ ಸಾರಿದ್ದ. ಫ್ಲೆಮಿಂಗ್ ಸಿಟ್ಟಾಗಿ ‘ದಿ ಟೈಮ್ಸ್’ ಪತ್ರಿಕೆಗೆ ಬರೆದು ಇದನ್ನು ಪುಂಡಾಟಿಕೆ ಎಂದು ಜರೆದ. ಸಾರ್ವಜನಿಕವಾಗಿ ಹೇಳಿದ್ದನ್ನು ಸಾರ್ವಜನಿಕವಾಗಿಯೇ ಪರೀಕ್ಷಿಸಿದೆನೆಂದು ಮ್ಯಾಸ್ಕಲೀನ್ ಉತ್ತರಿಸಿದ. ಜಾದೂಗಾರನ ನಡತೆ ಸಭ್ಯವಲ್ಲ ನಿಜ. ಆದರೆ ಅವನು ಎತ್ತಿದ ಪ್ರಶ್ನೆ ಸಾಚಾ. 300 ಮೈಲಿಯಾಚೆಯ ದೊಡ್ಡ ಕೇಂದ್ರದ ದನಿಯನ್ನು ಪಕ್ಕದ ಬೀದಿಯ ಪುಟ್ಟ ಯಂತ್ರ ಮುಚ್ಚಿಹಾಕಬಲ್ಲದಾದರೆ ಈ ವಿದ್ಯೆಯನ್ನು ನಂಬುವುದು ಹೇಗೆ?

ಶ್ರುತಿಗೊಳಿಸುವ ಉಪಾಯ ಆ ವೇಳೆಗೆ ಹೊಸದೇನೂ ಆಗಿರಲಿಲ್ಲ. ಉಯ್ಯಾಲೆಯನ್ನು ಅದರ ಲಯ ನೋಡಿ ತಳ್ಳಿದರೆ ಸಣ್ಣ ನೂಕೂ ಸಾಕು. ಲಯ ತಪ್ಪಿದರೆ ಬಲವೆಲ್ಲ ವ್ಯರ್ಥ. ಗ್ರಾಹಕದ ವಿದ್ಯುನ್ಮಂಡಲವೂ ಹಾಗೆಯೇ ತನ್ನ ಲಯದ ತರಂಗಕ್ಕೆ ಮಾತ್ರ ತೂಗುವಂತೆ ಮಾಡಬಹುದೆಂದು ಆಲಿವರ್ ಲಾಜ್ 1889ರಲ್ಲೇ ತೋರಿಸಿಕೊಟ್ಟಿದ್ದ, 1897ರಲ್ಲಿ ಪೇಟೆಂಟಿಗೂ ಅರ್ಜಿ ಹಾಕಿದ್ದ. 7777 ಎಂಬ ಸಂಖ್ಯೆಯಿಂದಲೇ ಪ್ರಸಿದ್ಧವಾದ ಮಾರ್ಕೋನಿಯ ಪೇಟೆಂಟು 1900ರದು. ತೊಡಕಿದ್ದುದು ಕಳುಹಿಸುವ ತುದಿಯಲ್ಲಿ. ಅಂದಿನ ಪ್ರೇಷಕಗಳು ಕಿಡಿ ಹಾರಿಸಿ ತರಂಗ ಎಬ್ಬಿಸುತ್ತಿದ್ದವು. ಅದು ತಂಬೂರಿಯ ತಂತಿ ಮೀಟಿದಂತಲ್ಲ, ತಗಡಿನ ಡಬ್ಬ ಬಡಿದಂತೆ. ಸದ್ದು ಒಂದು ಸ್ವರದಲ್ಲಿ ನಿಲ್ಲದೆ ಅಕ್ಕಪಕ್ಕದ ಸ್ವರಗಳಿಗೆಲ್ಲ ಚೆಲ್ಲುತ್ತಿತ್ತು. 1901ರಲ್ಲಿ ನ್ಯೂಯಾರ್ಕಿನ ಬಳಿ ನಡೆದ ಅಮೆರಿಕಾ ಕಪ್ ಹಾಯಿದೋಣಿ ಸ್ಪರ್ಧೆಯ ವರದಿಗೆಂದು ಮಾರ್ಕೋನಿಯ ಕಂಪೆನಿಯೂ ಪ್ರತಿಸ್ಪರ್ಧಿ ಡಿ ಫಾರೆಸ್ಟನ ಬಳಗವೂ ಏಕಕಾಲಕ್ಕೆ ಕಿಡಿ ಹಾರಿಸಿದಾಗ ಒಬ್ಬರ ಸುದ್ದಿಯನ್ನು ಇನ್ನೊಬ್ಬರು ಕೆಡಿಸಿದ್ದೇ ಫಲ.

ದೂರದ ಲೆಕ್ಕವೂ ಇದೆ. ಅಡೆತಡೆಯಿಲ್ಲದ ಬಯಲಿನಲ್ಲಿ ದೂರ 20 ಪಟ್ಟು ಹೆಚ್ಚಿದರೆ ತರಂಗದ ಬಲ 400ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆಕಾಶವಾಣಿಯ ಪ್ರಸಾರ ಗೋಪುರದ ಬಳಿ ಮನೆ ಮಾಡಿ, ಹಳೆಯ ರೇಡಿಯೊದಲ್ಲಿ ಸಿಲೋನ್ ಹಿಡಿಯಲು ಹೊರಟವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹನ್ನೊಂದು ವರ್ಷದ ಮೇಲೆ ಇದೇ ತೊಡಕು ಅಟ್ಲಾಂಟಿಕ್ ಸಾಗರದ ನಡುವೆ ತಲೆದೋರಿತು. 1912ರ ಏಪ್ರಿಲ್ 14, ರಾತ್ರಿ ಸುಮಾರು 11 ಗಂಟೆ. ‘ಕ್ಯಾಲಿಫೋರ್ನಿಯನ್’ ಎಂಬ ಸರಕು ಹಡಗು ಹಿಮರಾಶಿಯ ನಡುವೆ ಎಂಜಿನ್ ನಿಲ್ಲಿಸಿ ನಿಂತಿತ್ತು. ಹತ್ತಿರದ ಹಡಗಿಗೆ ಒಂದು ಮಾತು ತಿಳಿಸೆಂದು ಕ್ಯಾಪ್ಟನ್ ಹೇಳಿದ. ಇಪ್ಪತ್ತು ವರ್ಷದ ಆಪರೇಟರ್ ಸಿರಿಲ್ ಎವಾನ್ಸ್, ತಾವು ಹಿಮದಲ್ಲಿ ಸಿಕ್ಕಿ ನಿಂತಿದ್ದೇವೆಂದು ‘ಟೈಟಾನಿಕ್’ಗೆ ತಿಳಿಸಲು ಕೀಲಿ ಒತ್ತಿದ. ಅಲ್ಲಿನ ಆಪರೇಟರ್ ಜಾಕ್ ಫಿಲಿಪ್ಸ್ ಆಗ ನೂರಾರು ಮೈಲಿ ದೂರದ ಕೇಪ್ ರೇಸ್ ಕೇಂದ್ರದೊಡನೆ ಮಾತಿನಲ್ಲಿದ್ದ. ಯಂತ್ರ ಕೆಟ್ಟು, ರಿಪೇರಿಯಾಗುವಷ್ಟರಲ್ಲಿ ಪ್ರಯಾಣಿಕರ ತಂತಿಗಳು ರಾಶಿಬಿದ್ದಿದ್ದವು. ಕೇಪ್ ರೇಸಿನ ಕ್ಷೀಣ ದನಿಗಾಗಿ ಕಿವಿ ನಿಮಿರಿಸಿದ್ದವನಿಗೆ ಪಕ್ಕದ ಹಡಗಿನ ಕಿಡಿ ಸಿಡಿಲಿನಂತೆ ಬಡಿಯಿತು. ಸುಮ್ಮನಿರು, ನನಗೆ ಕೆಲಸವಿದೆ, ಕೇಪ್ ರೇಸ್ ಜೊತೆ ಮಾತಾಡುತ್ತಿದ್ದೇನೆ ಎಂದು ಅವನು ಗದರಿಬಿಟ್ಟ.

ಫಿಲಿಪ್ಸನನ್ನು ಉದ್ಧಟನೆಂದು ಬೈದವರು ಬಹಳ. ಆದರೆ ಆಪರೇಟರುಗಳ ನಡುವೆ ಇಂಥ ಗದರಿಕೆ ಮಾಮೂಲು. ಎವಾನ್ಸನೂ ವಿಚಾರಣೆಯಲ್ಲಿ ಬೇಸರವನ್ನೇನೂ ತೋರಲಿಲ್ಲ. ತಾನು ಕಳುಹಿಸತೊಡಗಿದಾಗ ಕೇಪ್ ರೇಸ್ ಹೇಳುವುದು ಫಿಲಿಪ್ಸನಿಗೆ ಕೇಳಿಸುವಂತಿರಲಿಲ್ಲವೆಂದು ಅವನೇ ವಿವರಿಸಿದ. ಅವನ ಸಂದೇಶಕ್ಕೆ ಕ್ಯಾಪ್ಟನ್ನಿನ ಅಧಿಕೃತ ಸೂಚನೆಯೆಂಬ ಮುಂಗುರುತೂ ಇರಲಿಲ್ಲ. ಇನ್ನು ಯಂತ್ರವಾದರೂ ಏನು ಮಾಡೀತು? 1906ರ ಬರ್ಲಿನ್ ಒಪ್ಪಂದ ಹಡಗುಗಳ ಸಾಮಾನ್ಯ ವ್ಯವಹಾರಕ್ಕೆಂದು ಗೊತ್ತುಮಾಡಿದ್ದು 300 ಮತ್ತು 600 ಮೀಟರುಗಳ ಎರಡೇ ತರಂಗಾಂತರ. ಎಲ್ಲರೂ ಒಂದೇ ಓಣಿಯಲ್ಲಿ ನಿಂತು ಕೂಗುವಾಗ ಯಾವ ಜರಡಿಯೂ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಲಾರದು.

ಸ್ವಲ್ಪ ಹೊತ್ತು ಕಾದ ಎವಾನ್ಸ್, ದಿನವಿಡೀ ದುಡಿದಿದ್ದವನು, ಹನ್ನೊಂದೂವರೆಯ ಹೊತ್ತಿಗೆ ಯಂತ್ರ ಬಿಟ್ಟು ಮಲಗಿದ. ಟೈಟಾನಿಕ್ ಹಿಮಗಡ್ಡೆಗೆ ಬಡಿದದ್ದು 11 ಗಂಟೆ 40 ನಿಮಿಷಕ್ಕೆ. ಅದರ ಕೂಗು 58 ಮೈಲಿ ದೂರದ ‘ಕಾರ್ಪೇಥಿಯ’ಕ್ಕೆ ಕೇಳಿಸಿತು, ಅದಕ್ಕಿಂತ ಎಷ್ಟೋ ಹತ್ತಿರವಿದ್ದ ಕ್ಯಾಲಿಫೋರ್ನಿಯನ್‌ನಲ್ಲಿ ಕೇಳುವವರಿರಲಿಲ್ಲ. ಆಕಾಶದಲ್ಲಿ ಬಾಣಬಿರುಸು ಕಂಡ ಅಲ್ಲಿನ ಅಧಿಕಾರಿಗಳಿಗೂ ಆಪರೇಟರನನ್ನು ಎಬ್ಬಿಸಬೇಕೆಂದು ಹೊಳೆದದ್ದು ಬೆಳಗಿನ ಜಾವಕ್ಕೆ. ಅಷ್ಟರಲ್ಲಿ ಸುಮಾರು 1,500 ಜನ ನೀರುಪಾಲಾಗಿದ್ದರು.

ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕ ರೇಡಿಯೊ ಕಾಯಿದೆ ತಂದಿತು. ಕಳುಹಿಸುವ ತರಂಗ ಶುದ್ಧವೂ ಹರಿತವೂ ಆಗಿರಬೇಕು, ಅಗತ್ಯಕ್ಕಿಂತ ಹೆಚ್ಚು ಬಲ ಬಳಸಬಾರದು, ಸರಕಾರಿ ಕೇಂದ್ರದ 15 ನಾವಿಕ ಮೈಲಿಯೊಳಗೆ ಬಂದ ಹಡಗು ದನಿ ತಗ್ಗಿಸಬೇಕು ಎಂದೆಲ್ಲ ಅದರಲ್ಲಿತ್ತು. ಇವುಗಳ ನಡುವೆ ಒಂದು ವಿಚಿತ್ರ ವಿನಾಯಿತಿ: ಅಪಾಯದಲ್ಲಿರುವ ಹಡಗು ಮಾತ್ರ ಆದಷ್ಟೂ ಹೆಚ್ಚಿನ ಅಡಚಣೆಯಾಗುವಂತೆ ತನ್ನ ಪ್ರೇಷಕವನ್ನು ಹೊಂದಿಸಿಕೊಳ್ಳಬಹುದು! ಎಲ್ಲರ ಮಾತನ್ನೂ ಕೆಡಿಸಿದರೇನೇ ಎಲ್ಲರ ಕಿವಿಗೂ ಬೀಳುವುದೆಂಬ ಅನುಭವ ಕಾನೂನಿಗೂ ಇಳಿದಿತ್ತು.

ಮುಂದೆ ಕವಾಟಗಳು ಬಂದವು. ಕಿಡಿಯ ಕಾಲ ಮುಗಿಯಿತು. ಅಮೆರಿಕದ ಕ್ಯಾಂಬೆಲ್ ಮತ್ತು ಜರ್ಮನಿಯ ವಾಗ್ನರ್ 1915ರ ಸುಮಾರಿಗೆ ಬೇರೆಬೇರೆಯಾಗಿ ತರಂಗ ಸೋಸುವ ಫಿಲ್ಟರನ್ನು ಕಂಡುಕೊಂಡರು. ಅವರ ಮನಸ್ಸಿನಲ್ಲಿದ್ದುದು ಟೆಲಿಫೋನ್. ಫಲ ರೇಡಿಯೊಗೂ ದಕ್ಕಿತು. 1933ರಲ್ಲಿ ನ್ಯೂಜೆರ್ಸಿಯ ಬೇಯೊನ್ ಪಟ್ಟಣದ ಪೊಲೀಸರು ಕಾರಿನಿಂದಲೇ ಕೇಳಿ ಕಾರಿನಿಂದಲೇ ಉತ್ತರಿಸತೊಡಗಿದರು. ಟ್ಯಾಕ್ಸಿ, ಆಂಬುಲೆನ್ಸ್, ಅಗ್ನಿಶಾಮಕ ದಳಗಳೂ ಸೇರಿಕೊಂಡು ಒಂದೇ ಗುಡ್ಡದ ತುದಿಯಲ್ಲಿ ಹತ್ತಾರು ಆಂಟೆನಾಗಳು ನಿಂತ ಮೇಲೆ ಹಳೆಯ ಜಗಳ ಹೊಸ ವೇಷದಲ್ಲಿ ಬಂತು.

ನೆರೆಯ ಪ್ರೇಷಕದ ಕಂಪನಾಂಕ ಬೇರೆಯೇ ಇರಬಹುದು. ಆದರೂ ಅದರ ಅಬ್ಬರ ಗ್ರಾಹಕದ ಮೊದಲ ಹಂತಕ್ಕೇ ನುಗ್ಗಿ ಅದನ್ನು ಮಂಕಾಗಿಸುತ್ತದೆ. ಅಂಥವು ಎರಡು ಸೇರಿದರಂತೂ ಇಲ್ಲದ ಮೂರನೆಯದೊಂದು ಹುಟ್ಟುತ್ತದೆ. 155.00 ಮತ್ತು 155.30 ಮೆಗಾಹರ್ಟ್ಸ್‌ನ ಎರಡು ಪ್ರಬಲ ಪ್ರೇಷಕಗಳಿವೆ ಎನ್ನಿ. ಮೊದಲನೆಯದರ ಎರಡರಷ್ಟರಲ್ಲಿ ಎರಡನೆಯದನ್ನು ಕಳೆದರೆ 154.70. ಯಾರೂ ಮಾತಾಡದಿದ್ದರೂ ಆ ತಾಣದಲ್ಲಿ ಗೊಂದಲದ ದನಿಗಳು ಕೇಳುತ್ತವೆ. ಒಳಗೆ ಹುಟ್ಟಿದ ಈ ದೆವ್ವವನ್ನು ಆಮೇಲೆ ಸೋಸಲಾಗದು, ಬಾಗಿಲಲ್ಲೇ ತಡೆಯಬೇಕು. ಆಂಟೆನಾಕ್ಕೂ ಗ್ರಾಹಕಕ್ಕೂ ನಡುವೆ ಫಿಲ್ಟರ್ ಕೂರಿಸುವುದು ಅದಕ್ಕಾಗಿಯೇ.

ಆ ಫಿಲ್ಟರ್ ನೋಡಲು ಹಾಲಿನ ಕ್ಯಾನಿನಂಥ ಲೋಹದ ಡಬ್ಬ, ಒಳಗೊಂದು ಕಡ್ಡಿ. ಜಲತರಂಗದ ಬಟ್ಟಲಿಗೆ ಅದರ ನೀರಿನ ಮಟ್ಟ ಸ್ವರ ಕೊಡುವಂತೆ ಇಲ್ಲಿ ಕಡ್ಡಿಯ ಉದ್ದ ಸ್ವರ ಕೊಡುತ್ತದೆ. 150 ಮೆಗಾಹರ್ಟ್ಸ್‌ಗೆ ಅದು ಹೆಚ್ಚುಕಡಿಮೆ ಅರ್ಧ ಮೀಟರ್. ಬಿಸಿಲಿಗೆ ಕಡ್ಡಿ ಹಿಗ್ಗಿದರೆ ಸ್ವರ ತಪ್ಪೀತೆಂದು, ಶಾಖಕ್ಕೆ ಅಷ್ಟಾಗಿ ಹಿಗ್ಗದ ಇನ್ವಾರ್ ಎಂಬ ಮಿಶ್ರಲೋಹವನ್ನು ಬಳಸುವುದುಂಟು. ವಾಕಿಟಾಕಿಯ ದನಿ ಹಿಡಿದು ಅದೇ ಕ್ಷಣ ದೂರಕ್ಕೆ ಮರುಪ್ರಸಾರ ಮಾಡುವ ರಿಪೀಟರ್ ಕೇಂದ್ರದಲ್ಲಿ ಇದರ ನಿಜವಾದ ಪರೀಕ್ಷೆ. ಅಲ್ಲಿ ಅಬ್ಬರಿಸುವ ನೆರೆಯವನು ಬೇರೆ ಯಾರೂ ಅಲ್ಲ, ಸ್ವಂತ ಪ್ರೇಷಕವೇ. 50 ವ್ಯಾಟ್ ಹೊರಹೋಗುತ್ತಿರುವಾಗಲೇ ಅದೇ ಆಂಟೆನಾದಿಂದ ಕಾಲು ಮೈಕ್ರೋವೋಲ್ಟಿನ ಸಂಕೇತ ಒಳಬರಬೇಕು. ಎರಡರ ಅನುಪಾತ ಬರೆಯಲು ನಾಲ್ಕರ ಮುಂದೆ ಹದಿನಾರು ಸೊನ್ನೆ ಬೇಕು. ಹವ್ಯಾಸಿ ರೇಡಿಯೊದ ಎರಡು ಮೀಟರ್ ಪಟ್ಟಿಯಲ್ಲಿ ಒಳಬರುವ, ಹೊರಹೋಗುವ ದನಿಗಳ ನಡುವಿನ ಅಂತರ ಸಾಮಾನ್ಯವಾಗಿ 0.6 ಮೆಗಾಹರ್ಟ್ಸ್ ಮಾತ್ರ. ನಾಲ್ಕಾರು ಡಬ್ಬಗಳನ್ನು ಸಾಲಾಗಿ ಜೋಡಿಸಿ ಇದನ್ನೂ ಸಾಧಿಸಿದ್ದಾರೆ.

ಆದರೆ ಅಷ್ಟಾದರೂ ಎಡೆ ಬೇಕು. ಅಮೆರಿಕದಲ್ಲಿ 800 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಪೊಲೀಸರ, ಅಗ್ನಿಶಾಮಕರ ಚಾನಲುಗಳು ನೆಕ್ಸ್‌ಟೆಲ್ ಎಂಬ ಮೊಬೈಲ್ ಕಂಪೆನಿಯ ಚಾನಲುಗಳೊಡನೆ ಹಾಸುಹೊಕ್ಕಾಗಿದ್ದವು. ಕಂಪೆನಿಯ ಗೋಪುರಗಳು ಹೆಚ್ಚಿದಂತೆ, ಅವುಗಳ ಹತ್ತಿರ ಹೋದ ಪೊಲೀಸರ ವೈರ್‌ಲೆಸ್ ದೂರದ ಠಾಣೆಯ ಕರೆಗೆ ಕಿವುಡಾಗತೊಡಗಿತು. ಯಾವ ಫಿಲ್ಟರಿನಿಂದಲೂ ಬೇರ್ಪಡಿಸಲಾಗದಷ್ಟು ಒತ್ತಾಗಿದ್ದ ಚಾನಲುಗಳನ್ನೇ ಬೇರೆ ಬೇರೆ ಕಡೆ ಸರಿಸಬೇಕೆಂದು 2004ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಆಜ್ಞೆ ಮಾಡಿತು. ಖರ್ಚು ಕಂಪೆನಿಯದು, ಅವಧಿ ಮೂರು ವರ್ಷ. ಊರೂರಿನ ಠಾಣೆಗಳ ಸೆಟ್ಟುಗಳನ್ನು ಹೊಸ ಕಂಪನಾಂಕಕ್ಕೆ ಹೊಂದಿಸುತ್ತ ಹೋದ ಆ ಕೆಲಸದ ಕಡತವನ್ನು ಆಯೋಗ ಮುಚ್ಚಿದ್ದು 2021ರಲ್ಲಿ.