ರೋಗಿಯ ಮಗ್ಗುಲಲ್ಲೇ ನಿಂತ ವಿದ್ಯೆ

ಆಸ್ಪತ್ರೆಯಲ್ಲಿ ಡಾಕ್ಟರು ರೋಗಿಯ ಬಳಿ ನಿಲ್ಲುವುದು ಕೆಲವೇ ನಿಮಿಷ. ರೌಂಡ್ಸ್ ಮುಗಿದ ಮೇಲೆ ಹಗಲೂ ರಾತ್ರಿಯೂ ರೋಗಿಯ ಕೂಗಿಗೆ ಓಗೊಡುವವರು ದಾದಿಯರು. ಜ್ವರ ಏರಿದ್ದು, ಉಸಿರಿನ ಗತಿ ಬದಲಾದದ್ದು, ಮಾತು ತೊದಲಿದ್ದು ಮೊದಲು ತಿಳಿಯುವುದು ಅವರಿಗೇ. ಹೀಗಿದ್ದರೂ ಬಹುಕಾಲ ಆಸ್ಪತ್ರೆಗಳಲ್ಲಿ ಒಂದು ವಿಚಿತ್ರ ಪದ್ಧತಿ ನಡೆದುಕೊಂಡು ಬಂತು. ಒಳ್ಳೆಯ ದಾದಿಗೆ ಬಡ್ತಿ ಸಿಕ್ಕಿತೆಂದರೆ ಆಕೆ ರೋಗಿಯಿಂದ ದೂರವಾದಳೆಂದೇ ಅರ್ಥ. ಮೊದಲು ವಾರ್ಡಿನ ಮೇಲ್ವಿಚಾರಕಿ, ಆಮೇಲೆ ಮೇಟ್ರನ್, ಇಲ್ಲವೇ ನರ್ಸಿಂಗ್ ಶಾಲೆಯ ಬೋಧಕಿ. ಅನುಭವ ಹೆಚ್ಚಿದಂತೆ ಕೈಗೆ ಬರುತ್ತಿದ್ದುದು ಡ್ಯೂಟಿ ಪಟ್ಟಿ ಮತ್ತು ದಾಸ್ತಾನಿನ ಲೆಕ್ಕ. ರೋಗಿಯ ಪಕ್ಕದಲ್ಲಿ ಉಳಿಯುತ್ತಿದ್ದವರು ಹೊಸಬರು.

ಈ ಪದ್ಧತಿಗೆ ಉತ್ತರವಾಗಿ ಹುಟ್ಟಿದ್ದು ‘ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್’ ಎಂಬ ಹುದ್ದೆ. ಕನ್ನಡದಲ್ಲಿ ತಜ್ಞ ದಾದಿ ಎನ್ನಬಹುದು. ಹೆಚ್ಚು ಓದಿದವಳು, ಹೆಚ್ಚು ಬಲ್ಲವಳು ರೋಗಿಯ ಮಗ್ಗುಲಲ್ಲೇ ಇರಬೇಕು ಎಂಬುದು ಇದರ ಹಿಂದಿನ ವಿಚಾರ. ಕೇಳಲು ಸರಳವಾದ ಈ ಮಾತು ಆಚರಣೆಗೆ ಬರಲು ದೀರ್ಘಕಾಲವೇ ಹಿಡಿಯಿತು.

ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆದಾಗಲೇ ರೋಗಿಯನ್ನು ಗಮನಿಸುವುದೇ ಒಂದು ವಿದ್ಯೆ ಎಂದು ಸಾರಿದ್ದರು. ಆದರೆ ಆಮೇಲೆ ಬೆಳೆದ ಅನೇಕ ಶಾಲೆಗಳಲ್ಲಿ ವಿದ್ಯೆಗಿಂತ ವಿಧೇಯತೆಗೆ ಹೆಚ್ಚು ಬೆಲೆ ಬಂತು. ಅಮೆರಿಕದಲ್ಲಂತೂ ಆಸ್ಪತ್ರೆಗಳೇ ಶಾಲೆ ನಡೆಸಿ, ಕಲಿಯಲು ಬಂದ ಹುಡುಗಿಯರಿಂದಲೇ ವಾರ್ಡಿನ ದುಡಿಮೆ ಮಾಡಿಸಿಕೊಳ್ಳುತ್ತಿದ್ದವು. ರೋಗಿಯ ಆರೈಕೆಯಲ್ಲೇ ಪ್ರಾವೀಣ್ಯ ಪಡೆದವರಿಗೆ ಪ್ರತ್ಯೇಕ ಸ್ಥಾನ ಬೇಕೆಂದು ಫ್ರಾನ್ಸಿಸ್ ರೈಟರ್ ಎಂಬಾಕೆ 1943ರಲ್ಲಿ ‘ನರ್ಸ್ ಕ್ಲಿನಿಶಿಯನ್’ ಎಂಬ ಹೆಸರನ್ನು ಬಳಕೆಗೆ ತಂದರು. ಹೆಸರು ಸಿಕ್ಕಿತು, ಅದಕ್ಕೆ ತಕ್ಕ ಶಿಕ್ಷಣ ಇನ್ನೂ ಇರಲಿಲ್ಲ.

ಆ ಶಿಕ್ಷಣ ಮೊದಲು ರೂಪುಗೊಂಡದ್ದು ಮಾನಸಿಕ ರೋಗಿಗಳ ಆರೈಕೆಯಲ್ಲಿ. ಎರಡನೆಯ ಮಹಾಯುದ್ಧದಿಂದ ಮನಸ್ಸು ಕದಡಿ ಮರಳಿದ ಸೈನಿಕರನ್ನು ಕಂಡ ಅಮೆರಿಕ 1946ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾಯ್ದೆಯನ್ನು ತಂದಿತು. ಮನೋವೈದ್ಯರ ಜೊತೆಗೆ ದಾದಿಯರ ತರಬೇತಿಗೂ ಹಣ ಒದಗಿತು. 1955ರ ಹೊತ್ತಿಗೆ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5.5 ಲಕ್ಷ ರೋಗಿಗಳಿದ್ದರು. ಅಲ್ಲಿ ಅನೇಕ ಕಡೆ ಆರೈಕೆ ಎಂದರೆ ಬೀಗ ಹಾಕಿ ಕಾಯುವುದೇ ಆಗಿತ್ತು.

ಈ ಸನ್ನಿವೇಶದಲ್ಲಿ ಕಾಣಿಸಿಕೊಂಡವರು ಹಿಲ್ಡೆಗಾರ್ಡ್ ಪೆಪ್ಲೌ. 1909ರಲ್ಲಿ ಪೆನ್ಸಿಲ್ವೇನಿಯದ ವಲಸೆಗಾರ ಕುಟುಂಬದಲ್ಲಿ ಹುಟ್ಟಿದ ಈಕೆ, 1918ರ ಇನ್‌ಫ್ಲುಯೆಂಜಾ ಮಾರಿಯಲ್ಲಿ ಜನ ಜ್ವರದ ತಾಪಕ್ಕೆ ಬಡಬಡಿಸುವುದನ್ನು ಬಾಲ್ಯದಲ್ಲೇ ಕಂಡವರು. ದಾದಿಯಾಗಿ ದುಡಿದು, ಯುದ್ಧಕಾಲದಲ್ಲಿ ಇಂಗ್ಲೆಂಡಿನ ಸೇನಾ ಮಾನಸಿಕ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿ, ಮುಂದೆ ಕೊಲಂಬಿಯಾದಲ್ಲಿ ಉನ್ನತ ವ್ಯಾಸಂಗ ಮಾಡಿದರು. ದಾದಿ ಮತ್ತು ರೋಗಿಯ ನಡುವಿನ ಸಂಬಂಧವೇ ಚಿಕಿತ್ಸೆಯ ಸಾಧನ ಎಂದು ವಾದಿಸುವ ಅವರ ಗ್ರಂಥ 1948ರಲ್ಲೇ ಸಿದ್ಧವಾಗಿತ್ತು. ವೈದ್ಯರೊಬ್ಬರ ಹೆಸರು ಜೊತೆಗಿಲ್ಲದೆ ದಾದಿಯೊಬ್ಬಳು ಇಂಥ ಪುಸ್ತಕ ಬರೆಯುವುದು ಆಗ ಒಪ್ಪಿತವಾಗಿರಲಿಲ್ಲ. ಅದು ಅಚ್ಚಾದದ್ದು 1952ರಲ್ಲಿ. 1954ರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಪೆಪ್ಲೌ ಆರಂಭಿಸಿದ ಸ್ನಾತಕೋತ್ತರ ಶಿಕ್ಷಣವನ್ನು ತಜ್ಞ ದಾದಿಯರ ಮೊದಲ ಪಠ್ಯಕ್ರಮವೆಂದು ಗುರುತಿಸಲಾಗಿದೆ.

ಅಲ್ಲಿ ಕಲಿಸುತ್ತಿದ್ದುದಾದರೂ ಏನು? ರೋಗಿಯೊಡನೆ ಆಡಿದ ಮಾತನ್ನು ವಿದ್ಯಾರ್ಥಿನಿ ಅಕ್ಷರಶಃ ಬರೆದು ತರಬೇಕಿತ್ತು. ತಾನು ಎಲ್ಲಿ ಮಾತು ತಪ್ಪಿಸಿದೆ, ಎಲ್ಲಿ ಬುದ್ಧಿ ಹೇಳಲು ಹೋಗಿ ಆತನ ಬಾಯಿ ಮುಚ್ಚಿಸಿದೆ ಎಂಬುದನ್ನು ಗುರುವಿನೊಡನೆ ಕೂತು ಪರಿಶೀಲಿಸಬೇಕಿತ್ತು. ಆತಂಕವನ್ನು ಪೆಪ್ಲೌ ನಾಲ್ಕು ಹಂತಗಳಾಗಿ ವಿಂಗಡಿಸಿದರು: ಸೌಮ್ಯ, ಮಧ್ಯಮ, ತೀವ್ರ ಮತ್ತು ದಿಗಿಲು. ಸೌಮ್ಯ ಆತಂಕದಲ್ಲಿರುವವನಿಗೆ ಹೊಸದನ್ನು ಕಲಿಸಬಹುದು. ದಿಗಿಲುಗೊಂಡವನಿಗೆ ಉಪದೇಶ ಹಿಡಿಸುವುದಿಲ್ಲ. ಅವನ ಬಳಿಯೇ ಇದ್ದು ಚಿಕ್ಕ ಚಿಕ್ಕ ಮಾತಿನಲ್ಲಿ ಧೈರ್ಯ ತುಂಬಬೇಕು. ವರಾಂಡದಲ್ಲಿ ಅತ್ತಿಂದಿತ್ತ ಶತಪಥ ಹಾಕುವ ರೋಗಿಯ ಕೇಸ್ ಶೀಟಿನಲ್ಲಿ ‘ಗಲಾಟೆ ಮಾಡುತ್ತಾನೆ’ ಎಂದು ಗೀಚುವ ದಾದಿಗೂ, ಅವನು ಯಾವ ಹಂತದಲ್ಲಿದ್ದಾನೆಂದು ತಿಳಿದು ನಡೆದುಕೊಳ್ಳುವ ದಾದಿಗೂ ಇರುವ ಅಂತರವೇ ತಜ್ಞತೆ.

ಮನೋರೋಗದ ವಾರ್ಡಿನಲ್ಲಿ ಮೊಳೆತ ಈ ವಿಚಾರ ಇತರ ವಿಭಾಗಗಳಿಗೆ ಹಬ್ಬಲು ಹೃದ್ರೋಗವೂ ಒಂದು ಕಾರಣವಾಯಿತು. ಹೃದಯ ನಿಂತುಹೋದರೆ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಸರಿಪಡಿಸಲಾಗದ ಪೆಟ್ಟು ಬೀಳುತ್ತದೆ. ವೈದ್ಯರಿಗೆ ಹೇಳಿ ಕಳಿಸಿ ಅವರು ಬರುವಷ್ಟರಲ್ಲಿ ಕಾಲ ಮೀರಿರುತ್ತದೆ. 1962ರಲ್ಲಿ ಡಾ. ಹ್ಯೂಸ್ ಡೇ ಕಾನ್ಸಾಸ್ ಸಿಟಿಯಲ್ಲಿ ಹೃದಯಾಘಾತದ ರೋಗಿಗಳಿಗೆಂದೇ ತೀವ್ರ ನಿಗಾ ಘಟಕ ತೆರೆದರು. ಅದೇ ಅವಧಿಯಲ್ಲಿ ಫಿಲಡೆಲ್ಫಿಯಾದಲ್ಲಿ ಡಾ. ಲಾರೆನ್ಸ್ ಮೆಲ್ಟ್ಜರ್, ದಾದಿ ರೋಸ್ ಪಿನಿಯೊ ಅವರೊಡನೆ ಸೇರಿ ದಾದಿಯರಿಗೆ ಇಸಿಜಿ ಓದುವುದನ್ನು ಕಲಿಸಿದರು. ಅಗತ್ಯ ಬಿದ್ದಾಗ ಡಿಫಿಬ್ರಿಲೇಟರಿನಿಂದ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಅಧಿಕಾರವೂ ದಾದಿಯರ ಕೈಗೆ ಬಂತು. ದಾದಿಯರಿಗಾಗಿ 1965ರಲ್ಲಿ ಪ್ರಕಟವಾದ ಕೈಪಿಡಿಯ ಮೇಲೆ ವೈದ್ಯರ ಹೆಸರಿನೊಡನೆ ಪಿನಿಯೊ ಅವರ ಹೆಸರೂ ಇತ್ತು. ಇಂಥ ಘಟಕಗಳು ಹೆಚ್ಚಿದಂತೆ, ಅಲ್ಲಿನ ದಾದಿಯರನ್ನು ತಿದ್ದಿ ತೀಡಬಲ್ಲ ಹೆಚ್ಚಿನ ವಿದ್ಯಾಭ್ಯಾಸದ ದಾದಿಯರೂ ಬೇಕಾದರು.

ಇದೇ 1965ರಲ್ಲಿ ಕೊಲರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಮತ್ತು ಡಾ. ಹೆನ್ರಿ ಸಿಲ್ವರ್ ‘ನರ್ಸ್ ಪ್ರಾಕ್ಟಿಷನರ್’ ಶಿಕ್ಷಣ ಆರಂಭಿಸಿದರು. ಎರಡನ್ನೂ ಒಂದೇ ಎಂದು ಭಾವಿಸುವವರುಂಟು. ಪ್ರಾಕ್ಟಿಷನರ್ ಮುಖ್ಯವಾಗಿ ರೋಗಿಗಳನ್ನು ತಾನೇ ಪರೀಕ್ಷಿಸಿ ಚಿಕಿತ್ಸೆ ನೀಡುವವರು. ತಜ್ಞ ದಾದಿಯ ಕೆಲಸ ಮೂರು ಕಡೆ ಹರಡಿರುತ್ತದೆ. ಒಂದು, ತೊಡಕಿನ ರೋಗಿಯ ನೇರ ಆರೈಕೆ. ಎರಡು, ಉಳಿದ ದಾದಿಯರಿಗೆ ಕಲಿಸುವುದು, ಸಲಹೆ ನೀಡುವುದು. ಮೂರು, ಆಸ್ಪತ್ರೆಯ ರೀತಿನೀತಿಯನ್ನೇ ತಿದ್ದುವುದು. ಬೆನ್ನಿನ ಹಾಸಿಗೆ ಹುಣ್ಣು ಒಬ್ಬರಿಗೆ ಆದರೆ ಅದಕ್ಕೆ ಔಷಧಿ ಹಚ್ಚುವುದು ಮೊದಲನೆಯದು. ಮಗ್ಗುಲು ಬದಲಿಸುವ ಕ್ರಮವನ್ನು ವಾರ್ಡಿಗೆಲ್ಲ ಕಲಿಸುವುದು ಎರಡನೆಯದು. ಹುಣ್ಣು ಏಕೆ ಮರುಕಳಿಸುತ್ತದೆಂದು ಲೆಕ್ಕ ಇಟ್ಟು ಹಾಸಿಗೆಯನ್ನೋ ನಿಯಮವನ್ನೋ ಬದಲಿಸುವುದು ಮೂರನೆಯದು.

ಇದರ ಪ್ರಯೋಜನವನ್ನು ಅಳೆದು ತೋರಿಸಿದವರಲ್ಲಿ ಡೊರೊಥಿ ಬ್ರೂಟನ್ ಪ್ರಮುಖರು. ಒಂದೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದ ಶಿಶುಗಳನ್ನು ಬೇಗ ಮನೆಗೆ ಕಳಿಸಿ, ತಜ್ಞ ದಾದಿ ಮನೆಗೇ ಹೋಗಿ ನೋಡುತ್ತ, ದೂರವಾಣಿಯಲ್ಲೂ ತಾಯಿಗೆ ಸಿಗುವ ಏರ್ಪಾಡನ್ನು ಅವರ ತಂಡ ಪರೀಕ್ಷಿಸಿತು. 1986ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಈ ಮಕ್ಕಳು ಸರಾಸರಿ 11 ದಿನ ಮೊದಲೇ ಮನೆ ಸೇರಿದರು. ಪ್ರತಿ ಮಗುವಿನ ಲೆಕ್ಕದಲ್ಲಿ 18,560 ಡಾಲರ್ ಉಳಿಯಿತು. ಮನೆಯ ಆರೈಕೆಗೆ ತಗಲಿದ ವೆಚ್ಚ ಕೇವಲ 576 ಡಾಲರ್.

ಇಷ್ಟಾದರೂ ಆ ಹುದ್ದೆ ಭದ್ರವಾಗಲಿಲ್ಲ. 1983ರಲ್ಲಿ ಅಮೆರಿಕದ ಮೆಡಿಕೇರ್ ಯೋಜನೆ ರೋಗಕ್ಕೆ ಇಂತಿಷ್ಟೇ ಎಂದು ಆಸ್ಪತ್ರೆಗಳಿಗೆ ಹಣ ನಿಗದಿ ಮಾಡಿತು. ವೆಚ್ಚ ತಗ್ಗಿಸಲು ಹೊರಟ ಅನೇಕ ಆಸ್ಪತ್ರೆಗಳ ಕತ್ತರಿ ತಜ್ಞ ದಾದಿಯರ ಮೇಲೂ ಆಡಿತು. ಕಾರಣ ಸ್ಪಷ್ಟ. ಮಾಡಿದ ಶಸ್ತ್ರಚಿಕಿತ್ಸೆಗೆ ಬಿಲ್ಲು ಹಾಕಬಹುದು. ಬಾರದೇ ಹೋದ ಸೋಂಕಿಗೆ, ಆಗದೇ ಹೋದ ಹುಣ್ಣಿಗೆ ಬಿಲ್ಲು ಹಾಕುವುದು ಹೇಗೆ? 1997ರ ಕಾನೂನಿನಿಂದ ಮೆಡಿಕೇರ್ ಇವರ ಸೇವೆಗೆ ನೇರವಾಗಿ ಹಣ ಕೊಡುವಂತಾಯಿತು. 1999ರಲ್ಲಿ ತೀರಿಕೊಂಡ ಪೆಪ್ಲೌ ಆ ದಿನವನ್ನು ಕಂಡರು.

ನಮ್ಮ ನಾಡಿಗೂ ಈ ಕಥೆಯ ನಂಟಿದೆ. ರಟ್ಗರ್ಸ್ ಪಠ್ಯಕ್ರಮ ಶುರುವಾದ 1954ರಲ್ಲೇ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಆ ದಶಕದಲ್ಲೇ ಅಲ್ಲಿ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ತರಬೇತಿಯೂ ನಡೆಯಿತು. 1974ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. 2017ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ತೀವ್ರ ನಿಗಾ ಘಟಕದ ದಾದಿಯರಿಗಾಗಿ ನರ್ಸ್ ಪ್ರಾಕ್ಟಿಷನರ್ ಸ್ನಾತಕೋತ್ತರ ಶಿಕ್ಷಣವನ್ನು ರೂಪಿಸಿತು. 1947ರ ನರ್ಸಿಂಗ್ ಪರಿಷತ್ತಿನ ಕಾಯ್ದೆಯ ಸ್ಥಾನದಲ್ಲಿ 2023ರಲ್ಲಿ ಹೊಸ ಕಾಯ್ದೆಯೂ ಬಂದಿದೆ.

ಕಲಿಕೆಗೆ ಅವಕಾಶವಿದೆ; ಕಲಿತವರಿಗೆ ವಾರ್ಡಿನಲ್ಲಿ ತಕ್ಕ ಹುದ್ದೆ ಇದೆಯೇ ಎಂಬುದು ಪ್ರಶ್ನೆ. ಮಕ್ಕಳ ಆರೈಕೆ, ಮನೋರೋಗ, ಪ್ರಸೂತಿ ಹೀಗೆ ಒಂದು ವಿಭಾಗದಲ್ಲಿ ಎಂ.ಎಸ್ಸಿ. ನರ್ಸಿಂಗ್ ಮುಗಿಸಿದವರಲ್ಲಿ ಅನೇಕರು ಕಾಲೇಜಿನ ಬೋಧನೆಗೆ ಹೋಗುತ್ತಾರೆ. ಬೋಧಕರೂ ಬೇಕು, ನಿಜ. ಆದರೆ ರಾತ್ರಿ ಪಾಳಿಯಲ್ಲಿ ಉಸಿರಿಗಾಗಿ ಒದ್ದಾಡುವ ಮಗುವಿನ ಬಳಿ ಆ ವಿದ್ಯೆ ಇಲ್ಲದಿದ್ದರೆ, ರೈಟರ್ ಮತ್ತು ಪೆಪ್ಲೌ ಎತ್ತಿದ ಪ್ರಶ್ನೆಗೆ ನಾವಿನ್ನೂ ಉತ್ತರ ಕೊಡಬೇಕಾಗಿದೆ. ಬಡ್ತಿ, ಸಂಬಳ, ಗೌರವ ಮೂರನ್ನೂ ರೋಗಿಯ ಪಕ್ಕದಲ್ಲೇ ದೊರಕಿಸಿಕೊಟ್ಟರೆ ಅಲ್ಲಿ ನಿಲ್ಲಲು ಬಲ್ಲವರು ನಮ್ಮಲ್ಲೂ ಇದ್ದಾರೆ.